ಹುತಾತ್ಮನಿಗೆ ಒಂದು ಮುಯ್ಯಾಳು

ಪ್ಯೋ ಮಾನ್‌ಸೊಕನಿಗೆ ಮಾ ದೊಂಗ್‌ಗು ತೀರಿಸಬೇಕಾದ ಒಂದು ದಿನದ ನಾಟಿ ಕೆಲಸ ಇನ್ನೂ ಬಾಕಿಯಿತ್ತು. ಮಾನ್‌ಸೊಕ ಯುದ್ಧದಲ್ಲಿ ಸತ್ತು ಶಾಲೆಯ ಅಂಗಳದಲ್ಲಿ ಕಂಚಿನ ತಲೆಯಾಗಿ ಕೂತಿದ್ದ, ಆದರೂ ಬಾಕಿ ಬಾಕಿಯೇ. ಮುಯ್ಯಾಳಿನ ಲೆಕ್ಕವೇ ಹಾಗೆ. ನಾನು ನಿನ್ನ ಗದ್ದೆಯಲ್ಲಿ ಒಂದು ದಿನ ಬಗ್ಗಿದರೆ ನೀನು ನನ್ನ ಗದ್ದೆಯಲ್ಲಿ ಒಂದು ದಿನ ಬಗ್ಗಬೇಕು. ದುಡ್ಡು ಕೊಡಹೋದರೆ ಬೈಗುಳ ಬೀಳುತ್ತದೆ. ಹೆಂಡ ಕುಡಿಸಿದರೆ ಕುಡಿಯುತ್ತಾರೆ, ಬಾಯೊರೆಸಿಕೊಂಡು, ಸರಿ, ಕೆಲಸಕ್ಕೆ ಯಾವಾಗ ಬರ್ತೀಯ ಅನ್ನುತ್ತಾರೆ.

ಆ ವರ್ಷ ಮಾನ್‌ಸೊಕ ದೊಂಗ್‌ಗುವಿನ ಗದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾಟಿ ಹಾಕಿದ. ಅವನ ಗದ್ದೆಯ ಸರದಿ ಬರುವ ಮೊದಲೇ ಸೈನ್ಯದ ಕರೆ ಬಂತು. ಅಲ್ಲಿಂದ ವಿಯೆಟ್ನಾಂ ಯುದ್ಧಕ್ಕೆ ಸಾಗಹಾಕಿದರು. ಗುಂಡು ಹಾರುತ್ತಿರುವಾಗ ಗಾಯಗೊಂಡವರನ್ನು ಹೊತ್ತು ತರಲು ಮತ್ತೆ ಮತ್ತೆ ಹೋದನಂತೆ, ಕೊನೆಯ ಸಲ ಹೋದವನು ಬರಲಿಲ್ಲ. ಸರ್ಕಾರ ಪದಕ ಕೊಟ್ಟಿತು, ಕಂಚಿನ ತಲೆ ಮಾಡಿಸಿತು. ಕಂಚಿನವನು ಗದ್ದವೆತ್ತಿ ಬೆಟ್ಟದಾಚೆಗೆ ನೋಡುತ್ತಾನೆ. ಊರಿನವರು ಕಂಡ ಮಾನ್‌ಸೊಕ ಯಾವಾಗಲೂ ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದ. ಜಿಗಣೆಯೆಂದರೆ ಅವನಿಗೆ ಪ್ರಾಣಭಯ. ಅವ್ವನ ಹಳೇ ಕಾಲುಚೀಲ ತೊಡೆತನಕ ಏರಿಸಿಕೊಂಡೇ ಗದ್ದೆಗೆ ಇಳಿಯುತ್ತಿದ್ದ. ಹೆಂಗಸರು ಬಿದ್ದುಬಿದ್ದು ನಗುತ್ತಿದ್ದರು. ಅವನೂ ನಗುತ್ತಿದ್ದ, ಚೀಲ ಮಾತ್ರ ಕಳಚುತ್ತಿರಲಿಲ್ಲ.

ಇಂಥವನ ಮುಯ್ಯಿಯನ್ನು ದೊಂಗ್‌ಗು ಯಾಕೆ ತೀರಿಸಲಿಲ್ಲ? ಅವನು ಪುರುಸೊತ್ತಿಲ್ಲದ ಮನುಷ್ಯ. ಹುತಾತ್ಮರ ದಿನವೆಂದು ಸಿಯೋಲ್‌ನಲ್ಲಿ ಕೂತವರು ಗೊತ್ತು ಮಾಡಿದ್ದು ಜೂನ್ ಆರು, ನಾಟಿಯ ಭರಾಟೆಯ ನಟ್ಟನಡುವೆ. ಅನ್ನ ಬಟ್ಟಲಲ್ಲೇ ಹುಟ್ಟುತ್ತದೆಂದು ನಂಬಿದವರೇ ಆ ತಾರೀಖು ಆರಿಸಿರಬೇಕು. ಆ ದಿನ ಸಭೆಯಲ್ಲಿ ಮಾತಾಡಲು ಹುತಾತ್ಮನ ಬಾಲ್ಯದ ಗೆಳೆಯನೊಬ್ಬ ಬೇಕು, ಊರಿನಲ್ಲೇ ದೊಡ್ಡ ಗಂಟಲು ದೊಂಗ್‌ಗುವಿನದು. ದನದ ಬೆಲೆ ಕುಸಿದಾಗ ಸರ್ಕಾರಿ ಕಚೇರಿಯ ಬಾಗಿಲಿಗೆ ದನ ಕಟ್ಟಿ, ಘೋಷಣೆ ಕೂಗಿ ಕೂಗಿ ಪಳಗಿದ ಗಂಟಲು. ಏಪ್ರಿಲ್‌ನಲ್ಲಿ ಅವನ ಕತ್ತುಪಟ್ಟಿ ಹಿಡಿದು ಲಾಕಪ್ಪಿಗೆ ತಳ್ಳುವ ಸಬ್‌ಇನ್ಸ್‌ಪೆಕ್ಟರ್ ಬಾಂಗ್, ಜೂನ್‌ನಲ್ಲಿ ಅದೇ ಪಟ್ಟಿಗೆ ಬಿಳಿ ಹೂ ಸಿಕ್ಕಿಸುತ್ತಿದ್ದ. ನಮ್ಮ ಹೋರಾಟಗಾರ ಎದೆಯುಬ್ಬಿಸಿ ಸಿಕ್ಕಿಸಿಕೊಳ್ಳುತ್ತಿದ್ದ.

ಮೊದಲ ವರ್ಷದ ಭಾಷಣದಲ್ಲಿ ಮಾನ್‌ಸೊಕ ಇಬ್ಬರನ್ನು ಹೊತ್ತು ತಂದ. ಸೈನ್ಯದವರು ಹೇಳಿದ್ದೂ ಅಷ್ಟೇ. ಚಪ್ಪಾಳೆ ಸಪ್ಪೆಯಾಯಿತು. ಮರುವರ್ಷ ಮೂವರಾದರು. ಆಮೇಲೆ ಒಬ್ಬ ಕ್ಯಾಪ್ಟನ್ ಸೇರಿಕೊಂಡ. ಈಚೀಚೆಗಂತೂ ಆ ತುಕಡಿಯಲ್ಲಿ ಕಾಲ ಮೇಲೆ ನಿಂತವನು ಮಾನ್‌ಸೊಕ ಒಬ್ಬನೇ ಏನೋ ಎಂಬಂತಾಗಿತ್ತು.

"ನಿನ್ ಗೆಳೆಯಂಗೆ ಸೊಂಟ ಹಿಡ್ಕಂಡಿರ್ತದೆ ಕಣಯ್ಯ," ಅಂದಳು ಹೆಂಡತಿ ಒಕ್ನಿಮ್. "ಈ ವರ್ಷನಾದ್ರೂ ಒಂದಿಬ್ಬರ್ನ ಕೆಳಗಿಳಿಸು."

ಈ ವರ್ಷ ಮಳೆ ಕೈಕೊಟ್ಟಿತ್ತು. ಕೆರೆಯ ನೀರನ್ನು ಸರದಿಯ ಮೇಲೆ ಬಿಡುತ್ತಿದ್ದರು. ಮಾನ್‌ಸೊಕನ ಅವ್ವನ ಸರದಿ ಬಿದ್ದದ್ದು ಜೂನ್ ಆರಕ್ಕೇ. ಬೆಳಕು ಹರಿಯುವಷ್ಟರಲ್ಲಿ ಮುದುಕಿ ದೊಂಗ್‌ಗುವಿನ ಜಗಲಿ ಮೇಲೆ ಕೂತಿದ್ದಳು.

"ಸಂಜೆಗೆ ನೀರು ಮೇಲಿನ್ ಗದ್ದೆಗೆ ತಿರುಗಿಸ್ತಾರಂತೆ ಕಣಪ್ಪ. ಸಸಿ ಕಿತ್ತು ಕಂತೆ ಕಟ್ಟಿಟ್ಟಿವ್ನಿ. ಇವತ್ತು ನೆಡ್ದಿದ್ರೆ ಒಣಗೋಯ್ತವೆ. ನಿನ್ ಮಾತು ಮೊಟಕಾಗಿರ್ಲಿ."

"ಮೂರೇ ಮಾತು ಅವ್ವ. ಮುಗಿಸಿ ನಾನೂ ಬತ್ತೀನಿ. ಮುಯ್ಯಿ ತೀರಿಸ್ತೀನಿ."

"ಹೋದ್ ವರ್ಷನೂ ಇಂಗೇ ಅಂದೆ."

"ಹೋದ್ ವರ್ಷ ಬೆನ್ನು ನೋಯ್ತಿತ್ತು."

"ಬಾಯಿ ಯಾವತ್ತೂ ನೋಯಲ್ವೇನ್ಲಾ?"

ಸಭೆ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ, ಮುಖ್ಯ ಅತಿಥಿಯ ಕಾರು ಬರಬೇಕಿತ್ತು. ಊರಿಗೆ ಊರೇ ಬಿಸಿಲಲ್ಲಿ ನಿಂತಿತ್ತು. ನಡುವೆ ಎದ್ದು ಹೋದವರಿಗೆ ಗೊಬ್ಬರದ ಚೀಟಿ ಕೊಡುವಾಗ ಗುಮಾಸ್ತರು ಮುಖ ತಿರುಗಿಸುತ್ತಾರೆ. ಮುದುಕಿಯನ್ನು ವೇದಿಕೆಯ ಮೇಲೆ ಕೂರಿಸಿದ್ದರು. ಮೈತುಂಬ ಬಿಳಿ ಉಡುಪು, ಎದೆಗೆ ಹೂ, ಲಂಗದ ಅಂಚಿನ ಕೆಳಗೆ ಇಣುಕುವ, ಕೆಸರು ಮೆತ್ತಿದ ಕೆಲಸದ ಪೈಜಾಮ. ಅವಳ ಕಣ್ಣು ಗುಡ್ಡದ ತಪ್ಪಲಲ್ಲಿ ಮಿರುಗುತ್ತಿದ್ದ ತನ್ನ ಗದ್ದೆಯ ನೀರಿನ ಮೇಲಿತ್ತು.

ಅತಿಥಿಗಳು ಬಂದು, ದೇಶ ಎಷ್ಟು ಮುಂದುವರಿದಿದೆ ಎಂದು ಹೇಳಿ ಮುಗಿಸುವಾಗ ಹೊತ್ತು ನೆತ್ತಿಗೇರಿತ್ತು. ಕೊನೆಗೆ ಮೈಕು ದೊಂಗ್‌ಗುವಿನ ಕೈಗೆ ಬಂತು. ಮೂರೇ ಮಾತು ಎಂದುಕೊಂಡೇ ನಿಂತ, ಆಣೆಗೂ. ಆದರೆ ಮೈಕು ಕಂಡರೆ ಅವನ ಬಾಯಿ ಗೂಟ ಕಿತ್ತುಕೊಂಡ ಹೋರಿ. ಮೊದಲನೆಯವನನ್ನು ಹೊರಿಸಿದ. ಎರಡನೆಯವನನ್ನು ಹೊರಿಸಿದ. ಕ್ಯಾಪ್ಟನ್ನನ್ನು ಹೊರಿಸಲು ಕೈಯೆತ್ತಿ ಉಸಿರೆಳೆದುಕೊಳ್ಳುವಾಗ ಪಕ್ಕದಲ್ಲಿ ಕುರ್ಚಿ ಕಿರ್ರೆಂದಿತು.

ಮುದುಕಿ ಎದ್ದಿದ್ದಳು.

"ನೀನು ಹೊರಿಸ್ತಾ ಇರಪ್ಪ. ನಂಗೆ ನಾಟಿ ಅದೆ."

ಮೈಕು ಅದನ್ನೂ ಇಡೀ ಊರಿಗೆ ಕೇಳಿಸಿತು. ಎಲ್ಲೋ ಹಿಂದೆ ಒಕ್ನಿಮ್ ಕಿಸಕ್ಕೆಂದಳು, ಆಮೇಲೆ ಎಲ್ಲರೂ. ಮುದುಕಿ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು, ಕಂಚಿನ ಮಗನ ಮುಂದೆಯೇ ಹಾದು ಗೇಟು ದಾಟಿದಳು.

ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ದೊಂಗ್‌ಗುವಿಗೆ ತಿಳಿಯಲಿಲ್ಲ. ಲಾಠಿಯ ಮುಂದೆ ಕೂಡ ಇಷ್ಟು ಪೆಚ್ಚಾಗಿರಲಿಲ್ಲ.

"ಇಬ್ಬರು," ಅಂದ ಮೈಕಿಗೆ. "ಅವ್ನು ಹೊತ್ತು ತಂದಿದ್ದು ಇಬ್ಬರ್ನ. ಉಳಿದೋರ್ನ ಹೊರಿಸ್ದೋನು ನಾನು. ಜಿಗಣೆಗೆ ಹೆದರೋನು ಗುಂಡಿಗೆ ಎದುರಾಗಿ ಹೋದ ಅಂದ್ರೆ ಇಬ್ಬರೇ ಸಾಕಾಗಿತ್ತು. ಅವ್ನಿಗೆ ಒಂದಿನದ ಮುಯ್ಯಿ ಕೊಡ್ಬೇಕು ನಾನು. ಹೊಂಟೆ."

ಅವನು ಇಳಿದ. ಒಕ್ನಿಮ್ ಹಿಂದೆ ಬಂದಳು. ನೋಡನೋಡುತ್ತ ಊರೇ ಗೇಟಿನತ್ತ ಹೊರಳಿತು. ವೇದಿಕೆಯಲ್ಲಿ ಉಳಿದವರು ಕೋಟಿನವರು ಮಾತ್ರ. ಅಪ್ಪಣೆಯಿಲ್ಲದೆ ಗುಂಪು ನಡೆದರೆ ಅದು ಮೆರವಣಿಗೆ, ಮೆರವಣಿಗೆ ಹೋದಲ್ಲಿಗೆ ಬಾಂಗ್ ಹೋಗಲೇಬೇಕು. ಬೂಟುಗಾಲಲ್ಲೇ ಮುದುಕಿಯ ಗದ್ದೆಯ ಬದುವಿನ ಮೇಲೆ ಬಂದು ನಿಂತ.

"ಇದೇನು ಹೊಸಾ ಚಳವಳಿನೇನೋ ದೊಂಗ್‌ಗು?"

"ನಾಟಿ ಸಾಹೇಬ್ರೆ. ಸುಮ್ನೆ ನಿಂತಿದ್ದೀರಲ್ಲ, ಆ ಹಗ್ಗದ ತುದಿ ಹಿಡ್ಕಳಿ. ಸಾಲು ನೆಟ್ಟಗೆ ಬರ್ಬೇಕು."

ಬಾಂಗ್ ಆಚೀಚೆ ನೋಡಿ ಹಿಡಿದುಕೊಂಡ. ಇನ್ನೊಂದು ತುದಿಯನ್ನು ದೊಂಗ್‌ಗು ತಾನೇ ಹಿಡಿದು ಬದುವಿನ ಮೇಲೆ ನಿಲ್ಲಹೊರಟ. ನಾಟಿಯಲ್ಲಿ ಅದೇ ಸುಖದ ಕೆಲಸ, ಕೂಗಿದರೆ ಸಾಕು. ಮುದುಕಿ ಬಿಡಲಿಲ್ಲ. ಬಿಳಿ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಕೆಸರಲ್ಲಿ ನಿಂತಿದ್ದಳು.

"ಹಗ್ಗ ಹಿಡಿದ್ರೆ ಮುಯ್ಯಿ ತೀರಲ್ಲ. ಇಳಿ. ಬಗ್ಗು."

ಇಳಿದ, ಬಗ್ಗಿದ. ಮೂರನೇ ಸಾಲಿಗೇ ಸೊಂಟ ಕಳಚಿ ಬಿದ್ದಂತಾಯಿತು. ಅವನು ನೆಟ್ಟ ಸಸಿಗಳು ಕುಡಿದವರ ಹಾಗೆ ವಾಲುತ್ತಿದ್ದವು, ಒಕ್ನಿಮ್ ಬೈಯುತ್ತ ಸರಿಮಾಡುತ್ತ ಬಂದಳು. ಮೀನಖಂಡಕ್ಕೆ ಜಿಗಣೆ ಹತ್ತಿದಾಗ ಅವನು ಹಾಕಿದ ಬೊಬ್ಬೆ ಶಾಲೆಯ ಅಂಗಳದವರೆಗೂ ಮುಟ್ಟಿರಬೇಕು.

"ನನ್ ಮಗ ಚೀಲನಾದ್ರೂ ಹಾಕ್ಕಂಡ್ ಬರ್ತಿದ್ದ," ಅಂದಳು ಮುದುಕಿ. ಅಂದು ನಕ್ಕಳು. ಜೂನ್ ಆರರಂದು ಅವಳು ನಕ್ಕಿದ್ದನ್ನು ಊರು ಕಂಡಿರಲಿಲ್ಲ.

ಹೊತ್ತು ಮುಳುಗುವ ಮುಂಚೆ ಕೊನೆಯ ಸಾಲು ಮುಗಿಯಿತು, ಹಿಂದೆಯೇ ನೀರು ಮೇಲಿನ ಗದ್ದೆಗೆ ತಿರುಗಿತು. ಬದುವಿನ ಮೇಲೆ ಖಾರ ಹಾಕಿ ಹುಳಿಸಿದ ಕೋಸಿನ ಕಿಮ್ಚಿ ಬಂತು, ಕೆಟಲಿನಲ್ಲಿ ಅಕ್ಕಿ ಹೆಂಡ ಬಂತು. ದೊಂಗ್‌ಗು ಮಲಗಿಕೊಂಡೇ ಬಟ್ಟಲು ಚಾಚಿದ.

"ತೀರ್ತಲ್ಲವ್ವ, ಮುಯ್ಯಿ?"

"ಎಲ್ಲಿ ತೀರ್ತು? ಅರ್ಧ ದಿನ ಭಾಷಣಕ್ಕೆ ಹೋಯ್ತಲ್ಲ. ಇನ್ನರ್ಧ ಬಾಕಿ." ಮುದುಕಿ ಬಾಂಗ್‌ನ ಕಡೆ ತಿರುಗಿದಳು. "ಹಗ್ಗ ಹಿಡಿದೋರು ಲೆಕ್ಕಕ್ಕೇ ಇಲ್ಲ."

ಲೆಕ್ಕ ಅಲ್ಲಿಗೆ ನಿಂತಿದೆ. ದೊಂಗ್‌ಗು ಅರ್ಧ ದಿನದ ಸಾಲಗಾರ, ಅವನದು ಅವನು ನೋಡಿಕೊಳ್ಳುತ್ತಾನೆ, ಇಲ್ಲವೇ ಒಕ್ನಿಮ್ ನೋಡಿಕೊಳ್ಳುತ್ತಾಳೆ. ಇನ್ನು ನೀವು. ಇಂಥ ಹುಡುಗರ ಕಂಚಿನ ತಲೆಗಳ ಮುಂದೆ ನೀವೂ ಕತ್ತು ಬಗ್ಗಿಸಿ ನಿಂತವರೇ, ಹೂ ಇಟ್ಟವರೇ, ಚಪ್ಪಾಳೆ ತಟ್ಟಿ ಹೊರೆ ಏರಿಸಿದವರೇ. ಅವರ ಅವ್ವಂದಿರ ಗದ್ದೆಯಲ್ಲಿ ಬರುವ ಜೂನ್‌ಗೂ ನೀರು ನಿಂತಿರುತ್ತದೆ. ಸೊಂಟ ಬಗ್ಗಿಸುವುದಕ್ಕೆ ಬರುತ್ತೀರೋ ಇಲ್ಲವೋ? ಈಗಲೇ ಹೇಳಿ.