ಟೈಲರಣ್ಣನ ಗುಂಡಿಗಳ ನಕ್ಷೆ

ನಮ್ಮ ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವವರನ್ನು ಎಲ್ಲರೂ ಟೈಲರಣ್ಣ ಅಂತಲೇ ಕರೆಯುತ್ತಾರೆ. ಅವರು ಬಟ್ಟೆ ಕತ್ತರಿಸಿ ಹೊಲಿದರೆ, ಕಾಜ ಹಾಕಿ ಗುಂಡಿ ಹಚ್ಚುವುದು ಹೆಂಡತಿಯ ಕೆಲಸವಾಗಿತ್ತು. ಆಕೆ ನನ್ನ ಒಡಹುಟ್ಟಿದವಳಲ್ಲ; ಅಕ್ಕ ಅಕ್ಕ ಅಂತ ಕರೆದು ಕರೆದು ಅಕ್ಕನೇ ಆಗಿಹೋದವಳು. ಅಂಗಿ ಹರಿದುಹೋದರೂ ಅಕ್ಕ ಹಚ್ಚಿದ ಗುಂಡಿ ಬೀಳುತ್ತಿರಲಿಲ್ಲ.

ಆ ಅಕ್ಕನ ಕಣ್ಣು ಅಂಚಿನಿಂದ ಒಳಕ್ಕೆ ಕತ್ತಲಾಗುತ್ತಾ ಬಂತು. ಡಾಕ್ಟರು, "ನರ ಸೊರಗಿದೆಯಮ್ಮ, ಹೋದದ್ದು ಬರೋದಿಲ್ಲ. ಇರೋದನ್ನ ಜೋಪಾನ ಮಾಡ್ಕೊಳ್ಳಿ" ಅಂದುಬಿಟ್ಟರು. ಆಗ ಮುಖಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು.

ಟೈಲರಣ್ಣ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊಬೈಲಿನಲ್ಲಿ ಹುಡುಕಿದರು. ಯಾವುದೋ ಬೇರಿನ ರಸದ ಹನಿಯಿಂದ ಇದೇ ಕಾಯಿಲೆ ವಾಸಿಯಾಗುತ್ತದೆ ಎಂದು ಒಂದು ವೆಬ್‌ಸೈಟ್ ಹೇಳಿತು. ಮತ್ತೊಂದೂ ಹೇಳಿತು. ಹುಡುಕಿದಷ್ಟೂ ಸಿಕ್ಕವು. "ಇಷ್ಟೊಂದು ಜನ ಸುಳ್ಳು ಹೇಳ್ತಾರೇನಮ್ಮ?" ಎಂದು ನನ್ನನ್ನೇ ಕೇಳಿದ್ದರು. ಹನಿ ತರಿಸಿ ತಾವೇ ಅಕ್ಕನ ಕಣ್ಣಿಗೆ ಹಾಕತೊಡಗಿದರು. ಅಕ್ಕ ಉರಿ ತಡೆಯಲಾರದೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂರುತ್ತಿದ್ದಳು. "ನೋಡ್ತಾ ಇರಿ, ನನ್ನ ಕಣ್ಣಿಗಿಂತ ಮುಂಚೆ ನಿಮ್ಮ ಮೊಬೈಲೇ ಕುರುಡಾಗುತ್ತೆ" ಎಂದು ಗಂಡನನ್ನು ರೇಗಿಸುವಳು.

ಅಕ್ಕನ ತಂಗಿಯ ಮಗಳು ಲೈಬ್ರರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಅವಳು ಒಂದು ದಿನ ಆ ಮೊಬೈಲ್ ನೋಡಿ ನಕ್ಕಳು.

"ದೊಡ್ಡಪ್ಪ, ಹೀಗೆ ಗುಡ್ಡೆ ಹಾಕ್ಕೊಂಡ್ರೆ ಏನು ತಿಳಿಯುತ್ತೆ? ಯಾವ ಸೈಟು ಯಾರ ಮಾತು ನಂಬಿ ಬರೆದಿದೆ ಅಂತ ನೋಡಬೇಕು. ಒಂದು ಚಿತ್ರ ಬರೀರಿ."

"ನನಗೆಲ್ಲಿ ಚಿತ್ರ ಬರುತ್ತೆ ಕಣಮ್ಮ? ಹೊಲಿಯೋಕೆ ಹೇಳು, ಹೊಲೀತೀನಿ."

ಹೊಲಿದೇಬಿಟ್ಟರು. ದಪ್ಪ ಕ್ಯಾನ್ವಾಸ್ ಬಟ್ಟೆಯ ಮೇಲೆ ಒಂದೊಂದು ವೆಬ್‌ಸೈಟಿಗೆ ಒಂದೊಂದು ಗುಂಡಿ. ಆಸ್ಪತ್ರೆಗಳದ್ದಕ್ಕೆ ಕೋಟಿನ ದೊಡ್ಡ ಗುಂಡಿ, ಔಷಧಿ ಮಾರುವವರದ್ದಕ್ಕೆ ಚಪ್ಪಟೆ ಗುಂಡಿ, ತಮ್ಮದೇ ಕಥೆ ಬರೆದುಕೊಂಡವರಿಗೆ ಮಗುವಿನ ಅಂಗಿಯ ಪುಟ್ಟ ಗುಂಡಿ. ಒಂದು ಸೈಟು ಇನ್ನೊಂದರ ಹೆಸರು ಹೇಳಿದ್ದರೆ ನಡುವೆ ಬಿಗಿಯಾಗಿ ದಾರ. ರಜೆಯ ದಿನ ಆ ಹುಡುಗಿ ಓದಿ ಹೇಳುವಳು, ಇವರು ಸೂಜಿ ಹಿಡಿಯುವರು. ಸಂಜೆಗೆ ಅಕ್ಕ ಬೆರಳಾಡಿಸಿ ನೋಡುವಳು. ಅಷ್ಟರಲ್ಲಿ ಮುಖಗಳೂ ಹೋಗಿದ್ದವು. ಅಂಗಡಿ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬಷ್ಟು ಬೆಳಕು ಮಾತ್ರ ಉಳಿದಿತ್ತು.

ಮೊದಲು ಕಂಡುಹಿಡಿದದ್ದು ಅಕ್ಕನ ಬೆರಳೇ. "ರೀ, ಹನಿ ವಿಷಯದ ದಾರವೆಲ್ಲ ಸುತ್ತಿ ಬಳಸಿ ಈ ಪುಟ್ಟ ಗುಂಡಿಗೇ ಬರ್ತಿದೆಯಲ್ಲ!"

ಹೌದಾಗಿತ್ತು. ಅಷ್ಟೂ ಸೈಟುಗಳು ಒಬ್ಬಳೇ ಹೆಂಗಸಿನ ಒಂದೇ ಬರಹವನ್ನು ನಂಬಿದ್ದವು. ಟೈಲರಣ್ಣ ಹಿಗ್ಗಿಹೋದರು. "ಹಾಗಾದ್ರೆ ಆಕೆಯನ್ನೇ ಕೇಳೋಣ. ವಾಸಿಯಾದವಳು ತಾನೇ!" ಆಕೆಯನ್ನು ಹುಡುಕುವ ಕೆಲಸ ಹುಡುಗಿಯ ಪಾಲಿಗೆ ಬಂತು. ನಾನೂ ದೇವರ ಮುಂದೆ ಕೂತು, ಆ ಗುರುತಿಲ್ಲದ ತಾಯಿ ಸಿಗಲಿ ಎಂದು ಬೇಡಿಕೊಂಡೆ.

ಸಿಕ್ಕಿದಳು. ಆ ಮಧ್ಯಾಹ್ನ ನಾನು ರವಿಕೆಯ ತೋಳಿನ ಹೊಲಿಗೆ ಬಿಡಿಸಿಕೊಳ್ಳಲು ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಅಕ್ಕ ಒಳಗೆ ಮಲಗಿದ್ದಳು. ಹುಡುಗಿ ಬಂದವಳೇ ತಗ್ಗಿದ ದನಿಯಲ್ಲಿ ಓದಿದಳು. ಅದೇ ಹೆಂಗಸು ಮಾರನೆಯ ವರ್ಷ ಬೇರೊಂದು ಕಡೆ ಬರೆದಿದ್ದಳು: ಆಗ ಕಂಡ ಬೆಳಕು ನನ್ನ ಆಸೆ ಮಾತ್ರ. ಹನಿ ಕಣ್ಣನ್ನು ಸುಟ್ಟಿತು. ಉಳಿದಿದ್ದೂ ಬೇಗ ಹೋಯಿತು. ನನ್ನ ಹಳೆಯ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ.

ಈ ಎರಡನೆಯ ಬರಹದ ಹೆಸರನ್ನು ಯಾವ ಸೈಟೂ ಹೇಳಿರಲಿಲ್ಲ.

ಟೈಲರಣ್ಣ ಡಬ್ಬಿಯಿಂದ ಒಂದು ಪುಟ್ಟ ಗುಂಡಿ ತೆಗೆದು ಕ್ಯಾನ್ವಾಸಿನ ಮೂಲೆಯಲ್ಲಿ ಹಚ್ಚಿದರು. ಕೈಗೆ ರೂಢಿಯಾಗಿಹೋಗಿತ್ತು. ಆಮೇಲೆ ಹನಿಯ ಬಾಟಲಿಯನ್ನು ಹಿಡಿದುಕೊಂಡು ಕೂತರು.

ಅಕ್ಕ ಗೋಡೆ ಹಿಡಿದುಕೊಂಡು ಬಂದು ಮೇಜಿನ ಮುಂದೆ ಕೂತಳು. ಬೆರಳು ಬಟ್ಟೆಯ ಮೇಲೆ ಓಡಾಡಿ ಮೂಲೆಯಲ್ಲಿ ನಿಂತಿತು.

"ಇದೇನ್ರೀ, ಇದಕ್ಕೆ ಒಂದೂ ದಾರ ಇಲ್ಲ?"

"ಅದು... ಮಿಕ್ಕಿದ್ದು."

"ಮಿಕ್ಕ ಗುಂಡಿಯನ್ನ ಬಟ್ಟೆಗೆ ಹಚ್ಚೋ ಆಸಾಮಿನಾ ನೀವು? ನನಗೇ ಹೇಳ್ತೀರಾ! ಏನದು ಹೇಳಿ."

ಹೇಳಿದರು. ಒಂದು ಮಾತನ್ನೂ ಬಿಡಲಿಲ್ಲ. "ನನ್ನ ಕೈಯಾರೆ ಹಾಕಿದೆನಲ್ಲೇ" ಎನ್ನುತ್ತಾ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಹುಡುಗಿ ದೊಡ್ಡಮ್ಮನ ಭುಜ ಹಿಡಿದುಕೊಂಡಳು. ಅಕ್ಕ ಅಳಲಿಲ್ಲ. ಆ ಗುಂಡಿಯನ್ನು ಉಗುರಿನಿಂದ ಮೆಲ್ಲಗೆ ತಿರುಗಿಸುತ್ತಾ ಹೋದಳು.

"ಹೋಗಲಿ ಬಿಡಿ," ಅಂದಳು ಕೊನೆಗೆ. "ಸೆಕೆ ಆಗ್ತಿದೆ. ಇಷ್ಟು ಬೇಗ ಬಾಗಿಲು ಯಾಕೆ ಹಾಕಿಬಿಟ್ರಿ?"

ಬಾಗಿಲು ಹಾರುಹೊಡೆದಿತ್ತು. ಬಿಸಿಲು ಹೊಲಿಗೆ ಯಂತ್ರದ ಕಾಲ್ಮಣೆಯವರೆಗೂ ಬಂದು ಬಿದ್ದಿತ್ತು. ಟೈಲರಣ್ಣ ನನ್ನ ಮುಖ ನೋಡಿದರು. ದೇವರ ಹೆಸರು ಕೂಡ ನನ್ನ ಬಾಯಿಗೆ ಬರಲಿಲ್ಲ.

"ಧೂಳು ಬರ್ತಿತ್ತು ಕಣೇ, ಅದಕ್ಕೇ ಹಾಕಿದೆ," ಅಂದರು.

ಆಮೇಲೆ ಎದ್ದು ಹೋಗಿ, ಕಿರುಗುಟ್ಟದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಬಾಗಿಲು ಮುಚ್ಚಿದರು.