ಫಿಂಕರ ಪತ್ರಿಕೆ ಓದಿದವರು ಯಾರು?

ಮ್ಯೂನಿಕ್‌ನ ಒಂದು ಪೇಟೆಂಟ್ ವಕೀಲರ ಕಚೇರಿಯಲ್ಲಿ ನನಗೆ ಸಂಬಳ. ಯಾರಾದರೂ ‘ಇದನ್ನು ಮೊದಲು ಕಂಡುಹಿಡಿದದ್ದು ನಾನೇ’ ಅಂದರೆ, ‘ಅಲ್ಲ, ಅದಕ್ಕೂ ಮುಂಚೆ ಇನ್ನೊಬ್ಬರಿದ್ದರು’ ಅಂತ ತೋರಿಸುವುದು ಕೆಲಸ. ಸ್ವಂತಕ್ಕೆ ಹೊಸದೇನೂ ಹೊಳೆಯದ ನನ್ನಂಥವನಿಗೆ ಹೇಳಿ ಮಾಡಿಸಿದ್ದು.

ಆ ಸಲ ಜಗಳ ಕಂಪ್ಯೂಟರ್ ಫೈಲುಗಳ ಹೆಸರಿನದು. ಹಳೆಯ ಯಂತ್ರಗಳು ಎಂಟಕ್ಷರ ದಾಟಿದರೆ ಒಪ್ಪುತ್ತಿರಲಿಲ್ಲ. ಒಂದೇ ಫೈಲಿಗೆ ಯಂತ್ರಕ್ಕೊಂದು ಚಿಕ್ಕ ಹೆಸರು, ಮನುಷ್ಯರಿಗೊಂದು ಉದ್ದ ಹೆಸರು ಇಡುವ ಉಪಾಯ ತನ್ನದೇ ಅಂತ ದೊಡ್ಡ ಕಂಪನಿಯೊಂದು ಪೇಟೆಂಟ್ ಪಡೆದಿತ್ತು. ಅದನ್ನು ರದ್ದು ಮಾಡಿಸಲು ಹೊರಟವರು ನಮ್ಮ ಕಕ್ಷಿದಾರರು. ಹಳೇ ಕಂಪ್ಯೂಟರ್ ನಿಯತಕಾಲಿಕೆಗಳನ್ನು ಜಾಲಾಡುವಾಗ ಎರಡು ಸಾಲಿನ ಜಾಹೀರಾತು ಸಿಕ್ಕಿತು: ಕೆಂಪ್ಟನ್ ಊರಿನಲ್ಲಿ ಉದ್ದ ಹೆಸರಿನ ಫೈಲುಗಳ ಬಗ್ಗೆ ಆಸಕ್ತರ ಕೂಟ. ಕೆಳಗೆ ಗೆಬ್‌ಹಾರ್ಟ್ ಫಿಂಕ್ ಅಂತ ಹೆಸರು.

ವಿಳಾಸ ಹುಡುಕಿಕೊಂಡು ಅವರ ಮನೆಗೆ ಹೋದೆ. ಫಿಂಕ್ ಚೀಸ್ ಡೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೇಜಿನ ಮೇಲೆ ಕಾಫಿ, ಪ್ಲಮ್ ಕೇಕು ಆಗಲೇ ಸಿದ್ಧವಿತ್ತು.

“ಬನ್ನಿ ಡಾಕ್ಟ್ರೇ.” ವಕೀಲರ ಕಚೇರಿಯವರೆಲ್ಲ ಪಿಎಚ್‌ಡಿ ಮಾಡಿದವರು ಅಂತ ಅವರ ಲೆಕ್ಕ.

“ಡಾಕ್ಟ್ರಲ್ಲ ಸರ್, ಹಳೇ ಕಾಗದ ಹುಡುಕೋನು.”

“ಅಷ್ಟು ಓದಿ ಇದಾ ಕೆಲ್ಸ? ಇರ್ಲಿ, ಕೇಕ್ ತಗೊಳ್ಳಿ. ಅಲ್ರೀ, ನಮ್ಮ ಜರ್ಮನ್‌ನ ಉದ್ದುದ್ದ ಪದಗಳಿಗೆ ಎಂಟಕ್ಷರ ಯಾವ ಮೂಲೆಗೆ ಸಾಲುತ್ತೆ? ಅದಕ್ಕೇ ಬರ್ದೆ.”

ಅವರು ಕೊಟ್ಟದ್ದು ಆ ಕೂಟಕ್ಕೆಂದು ತಾವೇ ಬರೆದ ನಾಲ್ಕು ಪುಟದ ಪತ್ರಿಕೆ. ಅದೇ ಉಪಾಯ, ಒಂದಂಶವೂ ಬಿಡದೆ. ಮೇಲೆ ಅಚ್ಚಾದ ತಾರೀಖು ಪೇಟೆಂಟಿಗಿಂತ ನಾಲ್ಕು ವರ್ಷ ಹಿಂದಿನದು. ಕಾಫಿ ಬದಿಗಿಟ್ಟು ತಾರೀಖನ್ನು ಮತ್ತೊಮ್ಮೆ ಓದಿದೆ.

“ಕೋರ್ಟಿನ ಕಾಗದದಲ್ಲಿ ನನ್ ಹೆಸ್ರು ಬರುತ್ತಾ?” ಅಂದರು. “ಮೊದಲು ಮಾಡಿದ್ದು ಫಿಂಕ್ ಅಂತ?”

“ಬರುತ್ತೆ. ಆದ್ರೆ ಬರೆದಿಟ್ರೆ ಸಾಲ್ದು, ಪೇಟೆಂಟಿಗೆ ಮುಂಚೆಯೇ ನಿಮ್ಮನ್ನ ಬಿಟ್ಟು ಒಬ್ರಾದ್ರೂ ಇದನ್ನ ನೋಡಿರ್ಬೇಕು. ಒಬ್ಬರು ಸಾಕು. ಯಾರಿಗೆ ಕೊಟ್ರಿ?”

ಅವರು ಎದ್ದು ಹೋಗಿ ಒಂದು ಕಟ್ಟು ತಂದಿಟ್ಟರು. ಮನೆಯ ಪ್ರಿಂಟರಿನಲ್ಲೇ ಮೂವತ್ತು ಪ್ರತಿ ತೆಗೆದಿದ್ದರಂತೆ. ನನ್ನ ಕೈಯಲ್ಲಿದ್ದದ್ದೂ ಸೇರಿ ಮೂವತ್ತೂ ಅಲ್ಲೇ ಇದ್ದವು.

“ಕೂಟಕ್ಕೆ ಅಂತ ಹೋಟೆಲಿನ ಹಿಂದಿನ ಕೋಣೆ ಹಿಡಿದಿದ್ದೆ. ಯಾರೂ ಬರ್ಲಿಲ್ಲ.”

“ಹೆಂಡತಿಗೆ ತೋರ್ಸಿರ್ಬಹುದು?”

“ಮದುವೆಯಾಗಿದ್ರೆ ತೋರಿಸ್ತಿದ್ದೆ.”

ಆಗ ನಾನು ಹೇಳಬಾರದ ಮಾತು ಹೇಳಿದೆ. “ತೀರಿಕೊಂಡ ಸ್ನೇಹಿತ್ರು ಯಾರಾದ್ರೂ? ಅವರನ್ನ ಯಾರೂ ಹೋಗಿ ಕೇಳೋಲ್ಲ.”

ಫಿಂಕ್ ಕಟ್ಟಿನ ದಾರವನ್ನು ಮತ್ತೆ ಬಿಗಿದು ಗಂಟು ಹಾಕಿದರು.

“ಆಲ್ಬ್ರೆಕ್ಟ್ ಅಂತಿದ್ದ. ಅವ್ನಿಗೆ ಕೊಡ್ಬೇಕು ಅಂತಿದ್ದೆ. ನಗ್ತಾನೆ ಅಂತ ಕೊಡ್ಲಿಲ್ಲ. ಈಗ ಅವ್ನು ಓದಿದ ಅಂತ ಬರ್ಕೊಟ್ರೆ, ನಾನೇ ಅದನ್ನ ನಂಬಿಬಿಡ್ತೀನಿ ಕಣ್ರೀ. ಬೇಡ. ಯಾರೂ ನೋಡಿಲ್ಲ ಅಂತ್ಲೇ ಬರೀರಿ.”

ಬರೆದೆ. ಅವರು ಸಹಿ ಹಾಕಿದರು. ಒಂದೇ ಸಾಲಿಗೆ ಪೇಟೆಂಟ್ ಉಳಿಯಿತು, ಅವರ ಹೆಸರು ಹೋಯಿತು. ಹೊರಡಲು ಎದ್ದವನಿಗೆ ಮುಖ ಎತ್ತಲಾಗಲಿಲ್ಲ. ಅವರು ಇನ್ನೊಂದು ತುಂಡು ಕೇಕನ್ನು ನನ್ನ ತಟ್ಟೆಗೆ ಹಾಕಿದರು. ಮತ್ತೆ ಕೂತು ಪತ್ರಿಕೆಯನ್ನು ಮೊದಲಿಂದ ಓದಿದೆ, ಈ ಸಲ ತಾರೀಖಿಗಾಗಿ ಅಲ್ಲ.

“ಮೂರನೇ ಪುಟದಲ್ಲಿ ಒಂದು ಅರ್ಥ ಆಗ್ಲಿಲ್ಲ ಸರ್. ಎರಡು ಫೈಲಿನ ಚಿಕ್ಕ ಹೆಸರು ಒಂದೇ ಆಗಿಬಿಟ್ರೆ?”

ಪತ್ರಿಕೆ ಬರೆದು ಹದಿನೇಳು ವರ್ಷವಾದ ಮೇಲೆ ಅದರ ಬಗ್ಗೆ ಬಂದ ಮೊದಲ ಪ್ರಶ್ನೆ. ಉತ್ತರ ತುದಿನಾಲಿಗೆಯಲ್ಲೇ ಇರುತ್ತೆ ಅಂದುಕೊಂಡಿದ್ದೆ.

“ಇರಿ, ಇರಿ, ಎದ್ದೇಳ್ಬೇಡಿ,” ಅಂತ ಫಿಂಕ್ ಗಡಿಬಿಡಿಯಿಂದ ಕನ್ನಡಕ ಹುಡುಕತೊಡಗಿದರು.