ಹರಳೆಣ್ಣೆ ಕುಡಿದ ಮೋಟಾರು

ಬಸ್ಸಾಗಲಿ ಕಾರಾಗಲಿ, ಹಳ್ಳಕ್ಕೆ ಇಳಿದೆದ್ದ ಮೇಲೂ ತೂಗುತ್ತಲೇ ಇದ್ದರೆ ನನ್ನ ಎಡಗೈ ತಾನಾಗಿ ಮಡಿಲಿಗೆ ಹೋಗುತ್ತದೆ. ಮಡಿಲಲ್ಲಿ ಕೂಸಿಲ್ಲ, ಆ ಕೂಸಿಗೆ ಮೀಸೆ ಬಂದು ಯಾವ ಕಾಲವಾಯಿತು. ಆದರೂ ಕೈ ಹುಡುಕುತ್ತದೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ, ಬೈರಕೂರಿನಿಂದ ಮುಳಬಾಗಿಲಿಗೆ ಬರುವ ದಾರಿಯ ಒಂದು ಕೆರೆಕಟ್ಟೆಯ ಮೇಲೆ ಅಂಟಿಕೊಂಡ ಅಭ್ಯಾಸ ಅದು.

ತಾಯಿಯಿಲ್ಲದ ನನಗೆ ಬೈರಕೂರಿನ ಸೋದರಮಾವನ ಮನೆಯೇ ತವರು. ಬಿ.ಎ. ಮುಗಿಸಿ, ಮದುವೆಯಾಗಿ, ಚೊಚ್ಚಲ ಬಾಣಂತನಕ್ಕೆ ಅಲ್ಲಿಗೇ ಬಂದಿದ್ದೆ. ಮಾವ ಯಾರದೋ ಹಳೆಯ ಕಾರೊಂದನ್ನು ಕೊಂಡು, ಅದರ ಹಿಂಭಾಗ ಕತ್ತರಿಸಿ, ಹಲಗೆ ಹೊಡೆಸಿ, ಈಗಿನವರು ಪಿಕಪ್ ಅನ್ನುವಂಥ ಗಾಡಿ ಮಾಡಿಕೊಂಡಿದ್ದರು. ತೋಟಗಳಿಂದ ಕೋಲಾರದ ಸಂತೆಗೆ ಹಣ್ಣು ಸಾಗಿಸುತ್ತಿದ್ದರಿಂದ ಊರವರ ಬಾಯಲ್ಲಿ ಅದು ಮಾವಿನಕಾಯಿ ಮೋಟಾರು. ಪೆಟ್ರೋಲು ಸಿಗುತ್ತಿರಲಿಲ್ಲ. ಹಿಂದುಗಡೆ ಕಟ್ಟಿದ ದೊಡ್ಡ ಪೀಪಾಯಿಯಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದರು. ಪೀಪಾಯಿಯ ಭಾರಕ್ಕೆ ಹಿಂಭಾಗ ಕುಸಿದು, ಮುಂಭಾಗ ಸದಾ ಮೂಗೆತ್ತಿಕೊಂಡಿರುತ್ತಿತ್ತು.

ಗಾಡಿ ಹಳ್ಳಕ್ಕೆ ಬಿದ್ದಾಗ ಸ್ಪ್ರಿಂಗಿನಂತೆ ಬಾಗುವ ಕಮಾನು ಪಟ್ಟಿಗಳು ಪೆಟ್ಟು ತಿನ್ನುತ್ತವೆ. ಆಮೇಲೆ ಅವು ಕುಣಿಯುತ್ತಾ ಹೋಗದಂತೆ ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರು. ನಮ್ಮ ಗಾಡಿಯಲ್ಲಿ ಅದು ಚಕ್ರದ ಬಳಿ ಬಿಗಿದ ಕಬ್ಬಿಣದ ಪುಟ್ಟ ಡಬ್ಬಿ; ಅದಕ್ಕೊಂದು ಕೈ, ಒಳಗೆ ಎಣ್ಣೆ. ಮಾವ ಅದನ್ನು 'ಶಾಕು' ಅನ್ನುತ್ತಿದ್ದರು. ಯುದ್ಧದಿಂದಾಗಿ ಅದಕ್ಕೆ ಹಾಕುವ ಎಣ್ಣೆಯೂ ಬರದಾದಾಗ ಮಾವ ಅಡುಗೆಮನೆಗೆ ನುಗ್ಗಿದರು. ನಮ್ಮ ಕಡೆ ರಾಗಿ ಹೊಲದ ಅಂಚಿಗೆಲ್ಲ ಹರಳು ಗಿಡ. ವರ್ಷಕ್ಕಾಗುವಷ್ಟು ಹರಳೆಣ್ಣೆಯನ್ನು ಮಾವನ ಹೆಂಡತಿ, ನನ್ನ ಅತ್ತೆ, ಮನೆಯಲ್ಲೇ ಬೇಯಿಸಿ ತೆಗೆಯುತ್ತಿದ್ದರು. ಅದೇ ಮಂದ ಎಣ್ಣೆ ಶಾಕಿಗೆ ಹೋಯಿತು. ಆಶ್ಚರ್ಯವೆಂದರೆ ಗಾಡಿ ಕುಣಿತ ಬಿಟ್ಟು ಸಾಧುವಾಯಿತು. ಮುಳಬಾಗಿಲಿನ ಬೇರೆ ಮೋಟಾರಿನವರೂ ಬಂದು ಕೇಳಿಕೊಂಡು ಹೋದರು.

ಎಣ್ಣೆ ಹುಯ್ಯುವ ಕೆಲಸ ಅತ್ತೆಯದೇ. ತಮ್ಮ ಗಡಿಗೆಯನ್ನು ಅವರು ಇನ್ನೊಬ್ಬರ ಕೈಗೆ ಕೊಡುವವರಲ್ಲ. ಹೀಗಾಗಿ ಮೊದಲು ಗಮನಿಸಿದವರೂ ಅವರೇ. ಶುರುವಿನಲ್ಲಿ ತಿಂಗಳಿಗೊಮ್ಮೆ ಕೇಳುತ್ತಿದ್ದ ಡಬ್ಬಿ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಸಂತೆಗೆ ಹೋಗಿ ಬಂದಾಗಲೆಲ್ಲ ಕೇಳತೊಡಗಿತು.

ನಾನು ಕೋಲಾರಕ್ಕೆ, ಗಂಡನ ಮನೆಗೆ ಹೊರಟ ಬೆಳಿಗ್ಗೆಯೂ ಅತ್ತೆ ಗಡಿಗೆ ಹಿಡಿದು ಚಕ್ರದ ಬಳಿ ಕೂತಿದ್ದರು.

"ಏನಂದ್ರೇ, ಇಲ್ನೋಡಿ. ಮೊನ್ನೆ ತಾನೆ ಒಂದು ಸೌಟು ಹುಯ್ದಿದ್ದೆ. ಬಾಣಂತಿ ನೆತ್ತಿಗೆ ಹೋದ ಎಣ್ಣೆಗಿಂತ ನಿಮ್ಮ ಮೋಟಾರು ಕುಡಿದಿದ್ದೇ ಜಾಸ್ತಿ ಆಯ್ತು."

"ಕುಡೀಲಿ ಬಿಡೇ. ದುಡಿಯಲ್ವಾ?"

"ಕುಡಿದಿದ್ದು ಹೊಟ್ಟೇಲಿ ನಿಲ್ತಾ ಇಲ್ಲ ಕಣ್ರೀ. ಡಬ್ಬಿ ಮೈಯೆಲ್ಲಾ ಜಿಡ್ಡು, ಧೂಳು ಮೆತ್ಕೊಂಡಿದೆ. ಹುಯ್ದಿದ್ದೆಲ್ಲಾ ಆಚೆಗೇ ಬರ್ತಿದೆ."

ಮಾವ ಮುಂದಿನ ಮಡ್ಗಾರ್ಡನ್ನು ಎರಡೂ ಕೈಯಿಂದ ಅದುಮಿ ಬಿಟ್ಟರು. ಗಾಡಿಯ ಮೂಗು ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಅವರ ಮುಖದಲ್ಲಿ ಏನೋ ಸುಳಿದದ್ದನ್ನು ಕಂಡೆ. ಆದರೆ ಹಿಂದೆ ಹಣ್ಣಿನ ಬುಟ್ಟಿಗಳು ತುಂಬಿದ್ದವು. ಮಾವು ಯಾರಿಗೂ ಕಾಯುವುದಿಲ್ಲ.

"ಓಡ್ತಾ ಓಡ್ತಾ ಲೋಡು ಕೂತ್ರೆ ಸರಿಹೋಗತ್ತೆ. ಹತ್ತಮ್ಮಾ ಬಿ.ಎ.," ಎಂದರು. ಅದು ಅವರು ನನ್ನನ್ನು ಕರೆಯುತ್ತಿದ್ದ ಹೆಸರು.

ಕೆರೆಕಟ್ಟೆಯ ತನಕ ಎಲ್ಲ ಚೆನ್ನಾಗಿತ್ತು. ಕಟ್ಟೆಯ ಮೇಲೆ ಒಂದೇ ಗಾಡಿ ಹೋಗುವಷ್ಟು ದಾರಿ. ಮಾವನ ಪಕ್ಕಕ್ಕೆ ಕೆರೆ. ನಾನು ಕೂತಿದ್ದ ಎಡಗಡೆ ಬಂಡೆ ಕಲ್ಲಿನ ಇಳಿಜಾರು, ಅದರ ಬುಡದಲ್ಲಿ ಗದ್ದೆ. ಹಿಂದಿನ ದಿನದ ಮಳೆಗೆ ದಾರಿಯಲ್ಲಿ ಹಳ್ಳಗಳು ಬಿದ್ದಿದ್ದವು. ಮೊದಲನೆಯದಕ್ಕೆ ಇಳಿದು ಎದ್ದೆವು. ಆ ತೂಗಾಟ ನಿಲ್ಲುವ ಮೊದಲೇ ಎರಡನೆಯದು ಬಂತು. ಮೂರನೆಯದಕ್ಕೆ ಗಾಡಿ ಎಷ್ಟು ಮೇಲೆದ್ದಿತೆಂದರೆ ಎದುರಿನ ಗಾಜಿನಲ್ಲಿ ದಾರಿ ಕಾಣಲಿಲ್ಲ, ಬರೀ ಆಕಾಶ. ಮುಂದಿನ ಚಕ್ರಗಳು ನೆಲ ಬಿಟ್ಟಿದ್ದವು. ಗಾಡಿ ತಾನಾಗಿ ಎಡಕ್ಕೆ, ನನ್ನ ಕಡೆಗೆ, ಜಾರತೊಡಗಿತು.

ಎಷ್ಟೋ ವರ್ಷಗಳಿಂದ ನಾನು ಮತ್ತೆ ಮತ್ತೆ ನೋಡುತ್ತಿರುವುದು ಆ ಕ್ಷಣದ ಮಾವನ ಕೈಗಳನ್ನು. ಅವು ಸುಮ್ಮನಿದ್ದವು. ನನ್ನ ಕೈಯಲ್ಲಿ ಸ್ಟೀರಿಂಗ್ ಇದ್ದಿದ್ದರೆ ಕಿರುಚಿಕೊಂಡು ಬಲಕ್ಕೆ ಎಳೆದುಬಿಡುತ್ತಿದ್ದೆ. ಗಾಳಿಯಲ್ಲಿರುವ ಚಕ್ರವನ್ನು ಹಾಗೆ ತಿರುಗಿಸಿದರೆ, ಅದು ನೆಲ ಮುಟ್ಟಿದ ಕೂಡಲೆ ಗಾಡಿ ಅಡ್ಡಬಿದ್ದು ಮಗುಚುತ್ತದೆ. ಮಾವ ಬ್ರೇಕನ್ನೂ ತುಳಿಯಲಿಲ್ಲ. ಮೂಗು ಕೆಳಗಿಳಿಯುವುದನ್ನೇ ಕಾದರು. ಇಳಿದು ಟೈರು ಮಣ್ಣು ಕಚ್ಚಿದ್ದೇ ತಡ, ರೊಟ್ಟಿಯನ್ನು ಹೆಂಚಿನ ಮೇಲೆ ಸರಿಸುವಷ್ಟು ಮೆಲ್ಲಗೆ ಬಲಕ್ಕೆ ತಿರುಗಿಸಿದರು. ಗಾಡಿ ನಿಂತಿತು. ಹಿಂದಿನ ಎಡಚಕ್ರ ಕಟ್ಟೆಯಾಚೆ ಗಾಳಿಯಲ್ಲಿ ತಿರುಗುತ್ತಿತ್ತು. ಒಂದೆರಡು ಬುಟ್ಟಿ ಉರುಳಿ, ಹಣ್ಣುಗಳು ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತಾ ಗದ್ದೆಗೆ ಬಿದ್ದವು. ಅವು ಬೀಳುವುದು ಎಷ್ಟು ಹೊತ್ತು ಕೇಳಿಸಿತೆಂದರೆ, ಇಳಿಜಾರು ಎಷ್ಟು ಆಳವೆಂದು ನೋಡದೆಯೇ ತಿಳಿಯಿತು.

"ಕೂಸು ಕೊಡಮ್ಮಾ. ನೀನು ನಿಧಾನ ಈ ಕಡೆ ಜರುಗು," ಎಂದರು. ಅವರ ಬಾಗಿಲಿನಿಂದ ಇಳಿದೆ. ಕೂಸಿಗೆ ಎಚ್ಚರವೇ ಆಗಿರಲಿಲ್ಲ. ಅದನ್ನು ಮತ್ತೆ ಎತ್ತಿಕೊಂಡು ಅಲ್ಲೇ ಮಣ್ಣಿನಲ್ಲಿ ಕೂತೆ.

"ಇದು ರಸ್ತೆ ತಪ್ಪಲ್ಲಮ್ಮಾ," ಎಂದರು ಮಾವ, ಗಾಡಿಯ ಕಡೆ ತಿರುಗಿಯೂ ನೋಡದೆ. "ಅವಳು ಬೆಳಿಗ್ಗೇನೇ ಹೇಳಿದ್ಲು. ಅದುಮಿದಾಗ ನನ್ನ ಕೈಗೂ ಗೊತ್ತಾಗಿತ್ತು."

ಗದ್ದೆಯವರು ಎತ್ತು, ಹಗ್ಗ ತಂದು ಗಾಡಿಯನ್ನು ಎಳೆದರು. ಮಾವ ಅದನ್ನು ಖಾಲಿ ಮಾಡಿಸಿ, ನಡಿಗೆಯ ವೇಗದಲ್ಲಿ ಮನೆಗೆ ತಂದು, ಅಂದೇ ಮುಂದಿನ ಎರಡು ಡಬ್ಬಿಗಳನ್ನೂ ಬಿಚ್ಚಿ ಜಗಲಿಯ ಮೇಲಿಟ್ಟರು; ಯಾರು ಒತ್ತಾಯಿಸಿದರೂ ಗಾಡಿ ಹೊರಡಬಾರದೆಂದು. ಮಾವಿನ ಸುಗ್ಗಿ ಮಧ್ಯದಲ್ಲಿತ್ತು. ತೋಟದ ಗೌಡರೊಬ್ಬರು ಸಂಜೆಯೇ ಬಂದು ನಿಂತರು.

"ಏಮಯ್ಯಾ, ಬಂಡಿ ರಾದಾ? ಗಾಡಿ ಬರಲ್ವಾ? ಒಂದು ಸಲ ಜಾರಿದ್ದಕ್ಕೆ ಸೀರೆ ಉಟ್ಕೊಂಡು ಒಳಗೆ ಕೂತ್ಯಾ? ಇನ್ನೊಂದು ಸೌಟು ಹರಳೆಣ್ಣೆ ಹುಯ್ಯಿ, ನಡಿ."

"ಸೀರೆ ಉಟ್ಟೋಳ ಮಾತು ಕೇಳಿದ್ರೆ ಜಾರ್ತಾನೇ ಇರ್ಲಿಲ್ಲ ಗೌಡ್ರೇ. ಶಾಕು ಸತ್ತೋಗಿದೆ. ಹೆಣಕ್ಕೆ ಎಣ್ಣೆ ಕುಡಿಸಿದ್ರೆ ಏನು ಬಂತು? ಎತ್ತಿನ ಗಾಡಿ ಕಟ್ಟಿಸಿ."

"ನನ್ನ ಹಣ್ಣು ಕೊಳೆತ್ರೆ?"

"ಹಣ್ಣು ಮುಂದಿನ ವರ್ಷಾನೂ ಬಿಡತ್ತೆ."

ಒಳಗೆ ಕೂಸಿಗೆ ಹಾಲೂಡಿಸುತ್ತಿದ್ದ ನನಗೆ ಆ ಮಾತು ಕೇಳಿಸಿತು. ಗೌಡರು ಬೈಯುತ್ತಲೇ ಹೋದರು.

ಮಾವ ಹೊಸ ಶಾಕಿಗಾಗಿ ಅಲೆದರು. ಕೋಲಾರದಲ್ಲಿ ಇಲ್ಲ, ಶ್ರೀನಿವಾಸಪುರದಲ್ಲಿ ಇಲ್ಲ. ಕೊನೆಗೆ ಮಾಲೂರಿನಲ್ಲಿ, ಹೆಂಚಿನ ಭಟ್ಟಿಯವರೊಬ್ಬರ ಹಿತ್ತಲಲ್ಲಿ ಅದೇ ಜಾತಿಯ ಕಾರೊಂದು ಟೈರಿಲ್ಲದೆ ಕಲ್ಲಿನ ಮೇಲೆ ನಿಂತಿದೆಯೆಂಬ ಸುದ್ದಿ ಸಿಕ್ಕಿತು. ಹೆಚ್ಚು ಓಡದ ಕಾರು. ಕೂಸನ್ನು ಸುತ್ತಿದಂತೆ ಟವೆಲಿನಲ್ಲಿ ಸುತ್ತಿಕೊಂಡು ಆ ಡಬ್ಬಿಗಳನ್ನು ತಂದರು. ಕೂರಿಸಿದ ಮೇಲೆ ಮಡ್ಗಾರ್ಡಿನ ಮೇಲೆ ಕೂತು, ಅದುಮಿ, ಹಾರಿ ಇಳಿದರು. ಮೂಗು ಒಮ್ಮೆ ಎದ್ದು ತನ್ನ ಮಟ್ಟಕ್ಕೆ ಬಂದು ನಿಂತಿತು. ಅತ್ತೆಗೆ ಅಷ್ಟು ಸಾಲದು. ಒಂದು ವಾರ ಊರ ಸುತ್ತ ಓಡಿಸಿ ಎಂದರು. ದಿನಾ ಸೆರಗಿನ ತುದಿಯಿಂದ ಡಬ್ಬಿ ಒರೆಸಿ ನೋಡಿದರು. ಸೆರಗಿಗೆ ಧೂಳು ಹತ್ತಿತು, ಜಿಡ್ಡು ಹತ್ತಲಿಲ್ಲ.

"ಈಗ ಹೋಗ್ಬೋದು," ಎಂದು ಗಡಿಗೆಯನ್ನು ಒಳಗಿಟ್ಟರು.

ನನಗೆ ಮಾತ್ರ ಧೈರ್ಯವಿರಲಿಲ್ಲ. ಎತ್ತಿನ ಗಾಡಿಯಲ್ಲೇ ಹೋಗುತ್ತೇನೆಂದು ಹೇಳಲು ಬಾಯಿ ಬರದೆ ಹತ್ತಿ ಕೂತೆ. ಕೆರೆಕಟ್ಟೆ ಕಂಡ ಕೂಡಲೆ ಮಡಿಲನ್ನು ಬಿಗಿಹಿಡಿದೆ. ಮಾವ ಕಟ್ಟೆ ಶುರುವಾಗುವಲ್ಲೇ ಗಾಡಿ ನಿಲ್ಲಿಸಿದರು.

"ಇಳಿದು ನಡ್ಕೊಂಡು ಬಾಮ್ಮಾ. ಹಿಂದ್ಗಡೆಯಿಂದ ನೋಡ್ತಾ ಬಾ."

ಇಳಿಯುತ್ತೇನೆಂದು ನಾನು ಕೇಳಿರಲಿಲ್ಲ. ನನ್ನ ಹೆದರಿಕೆ ಕಂಡು ಅವರು ನಗಲೂ ಇಲ್ಲ. ಒಬ್ಬರೇ ಮುಂದೆ ಓಡಿಸಿಕೊಂಡು ಹೋದರು. ಹಳ್ಳಗಳನ್ನು ತಪ್ಪಿಸದೆ, ಒಂದೊಂದಕ್ಕೂ ಬೇಕೆಂದೇ ಇಳಿಸಿ. ಗಾಡಿ ಇಳಿಯಿತು, ಎದ್ದಿತು, ತೂಗಾಟ ನಿಂತಿತು. ಮುಂದಿನದಕ್ಕೆ ಇಳಿಯಿತು, ಎದ್ದಿತು, ನಿಂತಿತು. ನಮ್ಮ ಚಕ್ರ ಆಚೆ ಹೋಗಿದ್ದ ಜಾಗದಲ್ಲಿ ಮಣ್ಣಿನ ಅಂಚು ಇನ್ನೂ ಮುರಿದೇ ಇತ್ತು. ಅದನ್ನು ನೋಡದೆ ದಾಟಿದೆ.

ಕಟ್ಟೆಯ ಆ ತುದಿಯಲ್ಲಿ ಮಾವ ಬಾಗಿಲು ತೆರೆದು ಕಾಯುತ್ತಿದ್ದರು. ಕೂಸನ್ನು ಮೊದಲು ಅವರ ಕೈಗೆ ಕೊಟ್ಟೆ. ಆಮೇಲೆ ನಾನು ಹತ್ತಿದೆ.